ಭಾನುವಾರದ ಮುಯ್ಯಿ: ಬೆಟ್ಟ ಓಡುವ ಅಪ್ಪಂದಿರಿಗೆ ಒಂದು ಬಹಿರಂಗ ಪತ್ರ

ಬೆಟ್ಟ ಓಡುವ ಅಪ್ಪಂದಿರೇ,



ಭಾನುವಾರ ಬೆಳಗಿನ ಜಾವ ಮೂರು ಗಂಟೆಗೇ ಎದ್ದು, ಮಕ್ಕಳಿಗೆ ಎಚ್ಚರವಾಗದಂತೆ ಕತ್ತಲಲ್ಲೇ ಶೂ ಹುಡುಕಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಡುವವರು ನೀವು. ಹೆಬ್ಬಾಳದ ಮೇಲ್ಸೇತುವೆ ದಾಟಿ ನಂದಿಯ ಕಡೆಗೋ, ದೊಡ್ಡಬಳ್ಳಾಪುರ ದಾಟಿ ಮಾಕಳಿದುರ್ಗದ ಕಡೆಗೋ, ಮಾಗಡಿ ರಸ್ತೆ ಹಿಡಿದು ಸಾವನದುರ್ಗದ ಕಡೆಗೋ ಗಾಡಿ ತಿರುಗಿಸುವವರು. ನಾನೂ ನಿಮ್ಮಲ್ಲೊಬ್ಬ. ಬೆಟ್ಟ ಓಡಲು ಶುರುಮಾಡಿ ಒಂಬತ್ತು ವರ್ಷವಾಯಿತು. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 50 ಕಿಲೋಮೀಟರ್ ಓಡಿ ಮುಗಿಸಿದ ದಿನದ ಸಂತೋಷ ಇಂದಿಗೂ ಮೈಯಲ್ಲಿದೆ. ಬೆಟ್ಟದ ಮೇಲೆ ನನಗಿರುವ ಪ್ರೀತಿಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮಾತುಗಳು ಆ ಪ್ರೀತಿ ಇಲ್ಲದವನ ಮಾತಿನಂತೆ ಕೇಳಿಸಬಾರದು.

ಈ ಪತ್ರಕ್ಕೆ ಕಾರಣ ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಎಲ್ಲರ ಮನೆಯಲ್ಲೂ ಇರುವಂಥದ್ದೇ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಮಕ್ಕಳ ಲಸಿಕೆಯ ತಾರೀಖು ಎಲ್ಲ ಅದರಲ್ಲೇ. ಕಳೆದ ವರ್ಷ ಒಂದು ದಿನ ಹಾಲಿನವನಿಗೆ ದುಡ್ಡು ಕೊಡಲೆಂದು ಹಾಳೆ ತಿರುವಿದಾಗ, ಭಾನುವಾರಗಳ ಮನೆಯಲ್ಲಿ ನೀಲಿ ಶಾಯಿಯ ಅಂಕಿಗಳು ಕಂಡವು. 3.30–4. ಮುಂದಿನ ವಾರ 3.45–3. ಅದರ ಮುಂದಿನ ವಾರ 3.30–4.30. ಹಾಲಿನ ಲೆಕ್ಕ ಹೀಗಿರುವುದಿಲ್ಲವಲ್ಲ ಎಂದು ಹೆಂಡತಿಯನ್ನು ಕೇಳಿದೆ. ಮೊದಲನೆಯದು ನಾನು ಮನೆ ಬಿಟ್ಟ ಹೊತ್ತು, ಎರಡನೆಯದು ಮಧ್ಯಾಹ್ನದ ನಿದ್ದೆಯಿಂದ ನಾನು ಎದ್ದ ಹೊತ್ತು.

“ದೂರು ಅಂದ್ಕೋಬೇಡಿ. ಯಾವ ಭಾನುವಾರ ನನಗೆ ಓದೋಕೆ ಆಗತ್ತೆ ಅಂತ ನೋಡ್ಕೊಳ್ಳೋಕೆ ಬರೆದಿಟ್ಟೆ” ಎಂದಳು.

ಅವಳು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಕೆ-ಸೆಟ್ ಪರೀಕ್ಷೆ ಪಾಸಾದರೆ ಸಹಾಯಕ ಪ್ರಾಧ್ಯಾಪಕಿಯ ಹುದ್ದೆಗೆ ಅರ್ಜಿ ಹಾಕಬಹುದು. ಓದಲು ಉಳಿದದ್ದು ಭಾನುವಾರ ಮಾತ್ರ. ನಾಲ್ಕು ತಿಂಗಳ ಹದಿನೇಳು ಭಾನುವಾರಗಳಲ್ಲಿ ಹದಿನಾಲ್ಕಕ್ಕೆ ನೀಲಿ ಅಂಕಿ ಬಿದ್ದಿತ್ತು. ಉಳಿದ ಮೂರರಲ್ಲಿ ಒಂದು ಹಬ್ಬ, ಒಂದು ನಾದಿನಿಯ ಮದುವೆ, ಇನ್ನೊಂದು ನನಗೇ ಜ್ವರ ಬಂದು ಮಲಗಿದ್ದ ದಿನ. ಆ ಮೂರರಲ್ಲೂ ಅವಳು ಪುಸ್ತಕ ತೆರೆದಿರಲಿಲ್ಲ. ಆ ವರ್ಷದ ಪರೀಕ್ಷೆಗೆ ಅವಳು ಕೂರಲಿಲ್ಲ. ಕಾರಣ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ನನ್ನ ಕೈಗಡಿಯಾರವೂ ಆ ಹದಿನಾಲ್ಕು ಓಟಗಳ ಲೆಕ್ಕ ಇಟ್ಟಿತ್ತು. ಒಂದೊಂದೂ ನಾಲ್ಕು ಗಂಟೆ, ನಾಲ್ಕೂಕಾಲು ಗಂಟೆ. ನಾನು ಮನೆಯಿಂದ ಪಡೆದದ್ದು ವಾರಕ್ಕೆ ನಾಲ್ಕು ಗಂಟೆ ಎಂದೇ ನಂಬಿದ್ದೆ. ಕ್ಯಾಲೆಂಡರ್ ಹೇಳಿದ್ದು ಬೇರೆ. ಬೆಟ್ಟಕ್ಕೆ ಹೋಗುವ ದಾರಿ ಒಂದೂವರೆ ಗಂಟೆ. ಓಟ ಮುಗಿದ ಮೇಲೆ ಬುಡದಲ್ಲಿ ಮೈ ಸಡಿಲಿಸುತ್ತಾ ಮಾತು. ಹೆದ್ದಾರಿ ಪಕ್ಕದಲ್ಲಿ ಇಡ್ಲಿ-ವಡೆ, ಇನ್ನೊಂದು ಕಾಫಿ. ಊರು ಸೇರುವ ಹೊತ್ತಿಗೆ ಟ್ರಾಫಿಕ್. ಸ್ನಾನ, ಊಟ, ಆಮೇಲೆ ಕಣ್ಣು ತೆರೆಯಲಾಗದ ನಿದ್ದೆ. ಸರಾಸರಿ ಹನ್ನೆರಡು ಗಂಟೆ. ಹದಿನಾಲ್ಕು ಭಾನುವಾರಕ್ಕೆ 168 ಗಂಟೆ, ಅಂದರೆ ಸರಿಯಾಗಿ ಏಳು ಹಗಲು ಏಳು ರಾತ್ರಿ. ಶನಿವಾರ ರಾತ್ರಿ ಎಂಟೂವರೆಗೇ ಮಲಗಿ ಮಕ್ಕಳಿಗೆ ಕಥೆ ಹೇಳದೇ ಹೋದದ್ದು ಇದರಲ್ಲಿ ಸೇರಿಲ್ಲ. ವಾರದ ನಡುವೆ ನಾನು ಓಡಲು ಹೋದ ಎರಡು ಬೆಳಗುಗಳಲ್ಲಿ ಡಬ್ಬಿ ತುಂಬಿ, ಜಡೆ ಹೆಣೆದು, ಶಾಲೆ ವ್ಯಾನಿಗೆ ಮಗಳನ್ನು ಹೆಂಡತಿ ಒಬ್ಬಳೇ ಹತ್ತಿಸಿದ್ದೂ ಸೇರಿಲ್ಲ.

ನಿಮ್ಮ ಮನೆಯಲ್ಲಿ ಯಾರೂ ಹೀಗೆ ಬರೆದಿಟ್ಟಿರಲಿಕ್ಕಿಲ್ಲ. ಆದರೂ ಲೆಕ್ಕ ಇದ್ದೇ ಇರುತ್ತದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸಿದ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ. ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಆ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಅದೂ ನೂರಕ್ಕೆ ಇಪ್ಪತ್ತಾರು ಗಂಡಸರು ಮಾತ್ರ. ಹೆಂಗಸರಲ್ಲಿ ನೂರಕ್ಕೆ ಎಂಬತ್ತೊಂದು. ನಮ್ಮ ಭಾನುವಾರದ ಓಟ ಸಮತಟ್ಟಾದ ನೆಲದಿಂದ ಹೊರಡುವುದಿಲ್ಲ. ಮೊದಲೇ ಒಂದು ಕಡೆ ವಾಲಿರುವ ತಕ್ಕಡಿಯ ಮೇಲೆ ನಾವು ಇನ್ನೊಂದು ಕಲ್ಲು ಇಡುತ್ತೇವೆ.

ಮಾಡುವುದೇನು ಎಂದು ಯೋಚಿಸುವಾಗ ನೆನಪಾದದ್ದು ನಮ್ಮ ಊರ ಕಡೆಯ ಮುಯ್ಯಾಳು. ನನ್ನ ಅಜ್ಜನ ಮನೆ ತೀರ್ಥಹಳ್ಳಿ ಕಡೆ. ನೆಟ್ಟಿಯಿರಲಿ, ಕೊಯ್ಲಿರಲಿ, ರಾತ್ರಿ ದೀಪದ ಬೆಳಕಲ್ಲಿ ಅಡಿಕೆ ಸುಲಿಯುವುದಿರಲಿ, ಒಂದು ಮನೆಯ ಜನದಿಂದ ಮುಗಿಯುತ್ತಿರಲಿಲ್ಲ. ಇವತ್ತು ಪಕ್ಕದ ಮನೆಯ ನಾಲ್ಕು ಜನ ನಮ್ಮ ಗದ್ದೆಗೆ ಬಂದರೆ, ಅವರ ಗದ್ದೆಯ ಸರದಿ ಬಂದ ದಿನ ನಮ್ಮ ಮನೆಯಿಂದ ನಾಲ್ಕು ಜನ ಹೋಗಲೇಬೇಕು. ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ, ಆದರೆ ಯಾರೂ ಮರೆಯುತ್ತಿರಲಿಲ್ಲ. ಮುಯ್ಯಿಯನ್ನು ದುಡ್ಡಿನಲ್ಲಿ ತೀರಿಸುವಂತಿರಲಿಲ್ಲ. ಆಳಿಗೆ ಆಳು, ದಿನಕ್ಕೆ ದಿನ.

ನಾವು ಬೆಟ್ಟದಲ್ಲಿ ಕಳೆಯುವ ಹೊತ್ತು ಮುಯ್ಯಿಯಾಗಿ ಪಡೆದ ಹೊತ್ತು. ಇದೇ ನಾನು ಹೇಳಬೇಕೆಂದಿರುವ ಮಾತು. ನಾವು ಇಳಿಜಾರಿನಲ್ಲಿ ಕಾಲು ಹಾಕುವಾಗ ನಮ್ಮ ಗದ್ದೆಯಲ್ಲಿ ಇನ್ನೊಬ್ಬರು ದುಡಿಯುತ್ತಿರುತ್ತಾರೆ. ಹೆಂಡತಿ, ಇಲ್ಲವೇ ವಯಸ್ಸಾದ ಅಮ್ಮ, ಅತ್ತೆ. ವಾಪಸು ಬರುವಾಗ ತರುವ ಮೈಸೂರು ಪಾಕಿನಿಂದ, ವರ್ಷಕ್ಕೊಮ್ಮೆಯ ಸೀರೆಯಿಂದ, ಮೆಡಲನ್ನು ಮಗಳ ಕೊರಳಿಗೆ ಹಾಕಿ ತೆಗೆದ ಫೋಟೊದಿಂದ ಆ ಮುಯ್ಯಿ ತೀರುವುದಿಲ್ಲ. ಹನ್ನೆರಡು ಗಂಟೆಗೆ ಹನ್ನೆರಡು ಗಂಟೆಯನ್ನೇ ಕೊಡಬೇಕು.

ಹಾಗೆ ಕೊಡುವುದನ್ನೂ ಕಲಿಯಬೇಕಾಯಿತು. ಮೊದಲ ಭಾನುವಾರ ಅವಳು ಬೆಳಿಗ್ಗೆ ಏಳಕ್ಕೆ ಪುಸ್ತಕದ ಚೀಲ ಹಿಡಿದು ಗೆಳತಿಯ ಮನೆಗೆ ಹೋದಳು. ಸಂಜೆ ಐದಕ್ಕೆ ಬರುತ್ತೇನೆ ಎಂದಿದ್ದಳು. ಮಧ್ಯಾಹ್ನದೊಳಗೆ ನಾನು ಮೂರು ಸಲ ಫೋನ್ ಮಾಡಿದೆ. ಮಗನ ಕೆಮ್ಮಿನ ಔಷಧಿ ಎಷ್ಟು ಎಂ.ಎಲ್. ಕೊಡಬೇಕು, ಮಗಳ ಪ್ರಾಜೆಕ್ಟಿನ ಚಾರ್ಟ್ ಎಲ್ಲಿದೆ, ಕುಕ್ಕರಿನ ಗ್ಯಾಸ್ಕೆಟ್ ಯಾವ ಡ್ರಾಯರಿನಲ್ಲಿದೆ. ಅವಳು ಎರಡು ಗಂಟೆಗೇ ಮನೆಗೆ ಬಂದಳು. ಅವಳ ದೇಹ ಗೆಳತಿಯ ಮನೆಯಲ್ಲಿದ್ದರೂ ತಲೆಯನ್ನು ನಾನು ಮನೆಯಿಂದ ಹೊರಗೆ ಬಿಟ್ಟಿರಲಿಲ್ಲ. ಮುಂದಿನ ಸಲದ ಹೊತ್ತಿಗೆ ಮಗನ ತೂಕ, ಔಷಧಿಯ ಅಳತೆ, ಮಕ್ಕಳ ವೈದ್ಯರ ನಂಬರ್, ಲಸಿಕೆಯ ಕಾರ್ಡು ಇಡುವ ಜಾಗ, ಯೂನಿಫಾರ್ಮ್ ಒಗೆಯುವ ದಿನ ಎಲ್ಲವನ್ನೂ ತಿಳಿದುಕೊಂಡೆ. ಅವತ್ತು ಫೋನ್ ಮಾಡಲಿಲ್ಲ. ಅವಳು ಬಂದದ್ದು ಐದೂವರೆಗೆ. ಬೆಟ್ಟದಲ್ಲಿ ನಮ್ಮನ್ನು ಯಾರೂ ಫೋನ್ ಮಾಡಿ ಏನೂ ಕೇಳುವುದಿಲ್ಲ. ಆ ನೆಮ್ಮದಿಯನ್ನೇ ಇನ್ನೊಬ್ಬರಿಗೆ ಕೊಟ್ಟಾಗ ಮಾತ್ರ ಮುಯ್ಯಿ ತೀರುತ್ತದೆ.

ಇನ್ನು ತರಬೇತಿಯ ಮಾತು. ಪ್ರತಿ ವಾರ ಬೆಟ್ಟಕ್ಕೆ ಹೋಗದಿದ್ದರೆ ಕಾಲಿನ ರೂಢಿ ತಪ್ಪುತ್ತದೆ ಎಂಬ ಭಯ ನಮ್ಮೆಲ್ಲರದು. ನಮ್ಮ ಸ್ನಾಯುಗಳ ಸ್ವಭಾವ ಈ ಭಯಕ್ಕೆ ಸಮಾಧಾನ ಹೇಳುತ್ತದೆ. ಬೆಟ್ಟ ಇಳಿಯುವಾಗ ತೊಡೆಯ ಸ್ನಾಯು ಒಂದೇ ಸಮಯಕ್ಕೆ ಹಿಗ್ಗಬೇಕು ಮತ್ತು ಭಾರವನ್ನೂ ತಡೆಯಬೇಕು. ಅದರಿಂದ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುತ್ತದೆ. ಭಾನುವಾರದ ಇಳಿಜಾರಿನ ನೋವು ಸೋಮವಾರ, ಮಂಗಳವಾರ ಮೆಟ್ಟಿಲಿಳಿಯುವಾಗ ಹೆಚ್ಚಾಗಿ ಕಾಡುವುದು ಇದಕ್ಕೇ. ಆದರೆ ಒಮ್ಮೆ ಹೀಗೆ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ, ಆ ರಕ್ಷಣೆ ಕೆಲವು ವಾರ ಉಳಿಯುತ್ತದೆ. ಅಂದರೆ ತಿಂಗಳಿಗೊಮ್ಮೆ ಅಥವಾ ಎರಡು ಸಲ ನಿಜವಾದ ಬೆಟ್ಟ ಸಿಕ್ಕರೂ ಕಾಲು ಇಳಿಜಾರನ್ನು ಮರೆಯುವುದಿಲ್ಲ.

ನಡುವಿನ ವಾರಗಳಿಗೆ ಮೆಟ್ಟಿಲಿದೆ. ನಮ್ಮ ಕಟ್ಟಡಕ್ಕೆ ಹನ್ನೆರಡು ಮಹಡಿ. ಮಹಡಿಗೆ ಸುಮಾರು 3 ಮೀಟರ್ ಹಿಡಿದರೆ ಒಂದು ಸುತ್ತಿಗೆ 36 ಮೀಟರ್ ಏರು. ಹದಿನಾಲ್ಕು ಸಲ ಹತ್ತಿದರೆ 500 ಮೀಟರ್ ದಾಟುತ್ತದೆ, ನಂದಿಯನ್ನು ಬುಡದಿಂದ ನೆತ್ತಿಗೆ ಏರಿದ್ದಕ್ಕೆ ಹತ್ತಿರ. ಇಳಿಯುವುದೂ ಮೆಟ್ಟಿಲಿನಲ್ಲೇ, ಲಿಫ್ಟಿನಲ್ಲಿ ಬೇಡ. ಮಕ್ಕಳು ಮಲಗಿದ ಮೇಲೆ ಒಂಬತ್ತೂವರೆಗೆ ಶುರುಮಾಡಿದರೆ ಹತ್ತೂವರೆಯೊಳಗೆ ಮುಗಿಯುತ್ತದೆ. ಮಾಕಳಿದುರ್ಗದ ಗಾಳಿ ಅಲ್ಲಿ ಸಿಗದು, ನಿಜ. ಆದರೆ ಮಗು ನಿದ್ದೆಗಣ್ಣಲ್ಲಿ ಎದ್ದು ಅಪ್ಪಾ ಎಂದರೆ ನಾನು ಮೂರು ನಿಮಿಷದ ದೂರದಲ್ಲಿರುತ್ತೇನೆ.

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಈಗಷ್ಟೇ ತೊಟ್ಟಿಲು ತೂಗುತ್ತಿದೆ. ನಿಮಗೆ ಬೇರೆಯೇ ಒಂದು ಮಾತು ಹೇಳಬೇಕು. ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ತಿದ್ದುಪಡಿ ಬಂದ ನಂತರ, ಅದರ ವ್ಯಾಪ್ತಿಯ ಉದ್ಯೋಗದಲ್ಲಿರುವ ತಾಯಿಗೆ ಮೊದಲ ಇಬ್ಬರು ಮಕ್ಕಳಿಗೆ 26 ವಾರ ರಜೆ ಇದೆ. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ. ಖಾಸಗಿ ಕೆಲಸದಲ್ಲಿರುವ ಅಪ್ಪನಿಗೆ ರಜೆ ಕೊಡಲೇಬೇಕೆಂಬ ಕಾನೂನಿಲ್ಲ, ಕಂಪನಿ ಕೊಟ್ಟಷ್ಟೇ. ಸೋಮವಾರದಿಂದ ಶನಿವಾರ ಕಚೇರಿಗೂ ರಸ್ತೆಗೂ ಹೋದರೆ, ಕೂಸಿನ ಪಾಲಿಗೆ ಅಪ್ಪ ಎಂದರೆ ಭಾನುವಾರ. ಆ ಒಂದು ದಿನವನ್ನೂ ಬೆಟ್ಟಕ್ಕೆ ಕೊಡುವ ಮುನ್ನ ಎರಡು ಸಲ ಯೋಚಿಸಿ.

ಬೆಟ್ಟ ಓಡುವ ತಾಯಂದಿರ ಕಥೆಯನ್ನು ನಾವು ಸಾಹಸದ ಕಥೆಯೆಂದೇ ಹೇಳಿಕೊಳ್ಳುತ್ತೇವೆ. ಅದನ್ನು ಇನ್ನೊಮ್ಮೆ ಓದಬೇಕು. 2018ರಲ್ಲಿ ಬ್ರಿಟನ್ನಿನ ಸೋಫಿ ಪವರ್, ಮೊಂ ಬ್ಲಾಂ ಪರ್ವತವನ್ನು ಸುತ್ತುವ ಸುಮಾರು 170 ಕಿಲೋಮೀಟರಿನ ಯು.ಟಿ.ಎಂ.ಬಿ. ಓಟದ ನಡುವೆ ಇಟಲಿಯ ಕೂರ್ಮಯೂರ್‌ನಲ್ಲಿ ಕುಳಿತು ಮೂರು ತಿಂಗಳ ಮಗುವಿಗೆ ಹಾಲೂಡಿಸಿದರು. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಅವರು ಮೂರು ತಿಂಗಳ ಬಾಣಂತಿಯಾಗಿ ಓಡಿದ್ದರ ಹಿಂದೆ ಒಂದು ನೋವಿತ್ತು. ಹಿಂದೊಮ್ಮೆ ಬಸುರಿಯಾದಾಗ ತಮ್ಮ ಸ್ಥಾನವನ್ನು ಮುಂದಿನ ವರ್ಷಕ್ಕೆ ಸಾಗಿಸಲು ಓಟದ ನಿಯಮ ಬಿಟ್ಟಿರಲಿಲ್ಲ. 2019ರ ಜನವರಿಯಲ್ಲಿ ಜಾಸ್ಮಿನ್ ಪ್ಯಾರಿಸ್ ಎಂಬ ಪಶುವೈದ್ಯೆ ಬ್ರಿಟನ್ನಿನ ಚಳಿಯಲ್ಲಿ 268 ಮೈಲಿಯ ಸ್ಪೈನ್ ರೇಸನ್ನು 83 ಗಂಟೆ 12 ನಿಮಿಷದಲ್ಲಿ ಮುಗಿಸಿ, ಗಂಡಸರೂ ಸೇರಿ ಎಲ್ಲರಿಗಿಂತ ಮೊದಲು ಬಂದರು. ಹಳೆಯ ದಾಖಲೆಯನ್ನು ಹನ್ನೆರಡು ಗಂಟೆಗಳಷ್ಟು ಹಿಂದೆ ಹಾಕಿದರು. ಮನೆಯಲ್ಲಿ ಹದಿನಾಲ್ಕು ತಿಂಗಳ ಮಗಳು. ದಾರಿಯ ತಂಗುದಾಣಗಳಲ್ಲಿ ಬೇರೆಯವರು ಉಂಡು ಮಲಗುವಾಗ ಅವರು ಎದೆಹಾಲು ಹಿಂಡಿ ತೆಗೆಯಬೇಕಿತ್ತು.

ಆ ಹೊತ್ತಿನಲ್ಲಿ ಮಗು ಯಾರ ಬಳಿ ಇದೆ ಎಂದು ಓಡುವ ತಾಯಿಯನ್ನು ಎಲ್ಲರೂ ಕೇಳುತ್ತಾರೆ. ನನ್ನನ್ನು ಈ ಒಂಬತ್ತು ವರ್ಷದಲ್ಲಿ ಯಾವ ಬೆಟ್ಟದ ಬುಡದಲ್ಲೂ ಒಬ್ಬರೂ ಕೇಳಿಲ್ಲ. ಇನ್ನು ಮುಂದೆ ನಾವೇ ಒಬ್ಬರನ್ನೊಬ್ಬರು ಕೇಳಿಕೊಳ್ಳೋಣ. ಅವಮಾನಿಸಲು ಬೇಡ. ಓಟಕ್ಕೆ ಮುಂಚೆ ನೀರು ತುಂಬಿದ್ದೀಯಾ, ಉಪ್ಪಿನ ಪುಡಿ ಇದೆಯಾ ಎಂದು ಕೇಳುವಷ್ಟೇ ಸಹಜವಾಗಿ: “ಮನೆಯಲ್ಲಿ ಇವತ್ತು ಯಾರು ನೋಡಿಕೊಳ್ತಿದಾರೆ? ಅವರ ಸರದಿ ಯಾವಾಗ?”

ಅಪಾಯದ ಮಾತನ್ನೂ ಎತ್ತಲೇಬೇಕು. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರಿನ ಬೆಟ್ಟದ ಓಟಕ್ಕೆ 172 ಜನ ನಿಂತರು. ಮಧ್ಯಾಹ್ನದ ಹೊತ್ತಿಗೆ ಮಳೆ, ಆಲಿಕಲ್ಲು, ಬಿರುಗಾಳಿ. ತೆಳು ಬಟ್ಟೆಯಲ್ಲಿದ್ದ 21 ಜನ ಮೈಬಿಸಿ ಆರಿ ಸತ್ತರು. ಅವರಲ್ಲಿ ಚೀನಾದ ಹೆಸರಾಂತ ಓಟಗಾರ ಲಿಯಾಂಗ್ ಜಿಂಗ್ ಕೂಡ ಇದ್ದರು. ಝು ಕೆಮಿಂಗ್ ಎಂಬ ಕುರಿಗಾಹಿ ಆರು ಜನರನ್ನು ತನ್ನ ಗುಹೆಗೆ ಕರೆದೊಯ್ದು, ಬೆಂಕಿ ಹಾಕಿ ಉಳಿಸಿದ. ಓಟದ ಅನುಭವ ಪ್ರಾಣವನ್ನು ಕಾಯಲಿಲ್ಲ, ಬೆಚ್ಚಗಿನ ಜಾಗ ಕಾಯಿತು. ನಮ್ಮ ಮಳೆಗಾಲದ ಘಟ್ಟದಲ್ಲೂ ಒದ್ದೆ ಬಂಡೆ, ಮಂಜು, ಆನೆ ದಾರಿ, ಸಿಗ್ನಲ್ ಸಿಗದ ಕಣಿವೆ ಎಲ್ಲ ಇವೆ. ಕುಮಾರಪರ್ವತದಂಥ ದಾರಿಯಲ್ಲಿ ಕಾಲು ಉಳುಕಿದರೂ ಹೊತ್ತು ತರಲು ಗಂಟೆಗಟ್ಟಲೆ ಬೇಕು.

ಹಾಗಾಗಿ ನಾನು ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಹೋಗುವ ದಾರಿಯನ್ನು ಕಾಗದದಲ್ಲಿ ಬರೆದಿಟ್ಟೇ ಹೊರಡುತ್ತೇನೆ. ಹಿಂತಿರುಗುವ ಗಂಟೆಯನ್ನು ಮೊದಲೇ ಗೊತ್ತುಮಾಡಿ, ಆ ಗಂಟೆಯಾದಾಗ ನೆತ್ತಿ ನೂರು ಮೀಟರ್ ದೂರದಲ್ಲಿದ್ದರೂ ತಿರುಗುತ್ತೇನೆ. ಶಿಳ್ಳೆ, ಮಳೆ ಅಂಗಿ, ಹೆಡ್‌ಲ್ಯಾಂಪ್ ಇಲ್ಲದೆ ಹೋಗುವುದಿಲ್ಲ. ಒಬ್ಬನೇ ಕಾಡಿಗೆ ಇಳಿಯುವುದಿಲ್ಲ. ನಿಮ್ಮ ವಿಮೆಯ ಪಾಲಿಸಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದೆಯೇ ಎಂದು ಈ ವಾರವೇ ತೆಗೆದು ಓದಿ. ಅಪ್ಪನಾದ ಮೇಲೆ ನಮ್ಮ ಮೊಣಕಾಲು ನಮ್ಮೊಬ್ಬರದೇ ಆಗಿ ಉಳಿದಿಲ್ಲ.

ಇಷ್ಟೆಲ್ಲ ಓದಿ, ಓಟವನ್ನೇ ಬಿಟ್ಟುಬಿಡುತ್ತೇನೆ ಎನ್ನಬೇಡಿ. ಹಾಗೆ ಬಿಟ್ಟವರನ್ನು ಕಂಡಿದ್ದೇನೆ. ಬಿಟ್ಟದ್ದರ ಸಿಟ್ಟನ್ನು ವರ್ಷಗಟ್ಟಲೆ ಊಟದ ತಟ್ಟೆಯ ಮುಂದೆ ತೋರಿಸುತ್ತಾರೆ, ಮಕ್ಕಳು ಅದನ್ನು ತಮ್ಮ ತಪ್ಪೆಂದು ತಿಳಿಯುತ್ತಾರೆ. ಬೆಟ್ಟದಿಂದ ಇಳಿದ ದಿನ ನನ್ನ ದನಿ ತಗ್ಗಿರುತ್ತದೆ, ಮಗ ಹಾಲು ಚೆಲ್ಲಿದರೆ ಬಟ್ಟೆ ತೆಗೆದು ಒರೆಸುತ್ತೇನೆ. ಇದನ್ನು ಹೆಂಡತಿಯೇ ಗುರುತಿಸಿ ಹೇಳಿದ್ದಾಳೆ. ಓಟ ನಮಗೆ ಬೇಕು. ಮನೆಯಲ್ಲಿ ಉಳಿಯುವವರಿಗೂ ಅವರವರ ಬೆಟ್ಟ ಬೇಕು. ಅದು ಪರೀಕ್ಷೆಯ ಓದಿರಬಹುದು, ಸಂಗೀತವಿರಬಹುದು, ಅಮ್ಮನ ಮನೆಯಲ್ಲಿ ಯಾರೂ ಎಬ್ಬಿಸದ ಒಂದು ನಿದ್ದೆ ಇರಬಹುದು.

ಮಕ್ಕಳನ್ನೂ ಬೆಟ್ಟಕ್ಕೆ ಕರೆದೊಯ್ಯಿರಿ, ಆದರೆ ಅವತ್ತು ಗಡಿಯಾರವನ್ನು ಮನೆಯಲ್ಲಿಡಿ. ಕೋಲಾರದ ಅಂತರಗಂಗೆಯ ಬಂಡೆಗಳ ಸಂದಿಯಲ್ಲಿ ನನ್ನ ಮಗಳು ಅರ್ಧ ದಿನ ನುಸುಳಿ ಆಡಿದಳು. ನಂದಿಯ ಬುಡದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲು ಎಣಿಸಲು ಮಗನಿಗೆ ಒಂದು ಗಂಟೆ ಬೇಕಾಯಿತು. ಐದರ ನಂತರದ ಅಂಕಿ ಅವನಿಗೆ ಬಾರದ್ದರಿಂದ ಐದೈದಾಗಿ ಎಣಿಸಿದೆವು. ನಂದಿಗೆ ನೂರಾರು ಸಲ ಹೋದ ನಾನು ಆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತದ್ದು ಅವತ್ತೇ ಮೊದಲು.

ಕೊನೆಗೆ, ನಮ್ಮ ಓಟದ ಗುಂಪುಗಳಿಗೆ ಎರಡು ಕೋರಿಕೆ. ಒಂದು: ತಿಂಗಳಿಗೊಂದು ಭಾನುವಾರ ಮುಯ್ಯಾಳಿನ ಭಾನುವಾರವಾಗಲಿ. ಅವತ್ತು ಗುಂಪಿನ ಅಪ್ಪಂದಿರೆಲ್ಲ ಸೇರಿ ಎಲ್ಲರ ಮಕ್ಕಳನ್ನೂ ಒಂದು ಉದ್ಯಾನದಲ್ಲೋ ಬೆಟ್ಟದ ಬುಡದಲ್ಲೋ ಇಡೀ ದಿನ ನೋಡಿಕೊಳ್ಳಲಿ. ತಿಂಡಿ, ಊಟ, ಒದ್ದೆ ಚಡ್ಡಿ, ಅಳು, ಜಗಳ ಎಲ್ಲವೂ ಅವರದೇ. ತಾಯಂದಿರು ಓಡಬಹುದು, ಓದಬಹುದು, ಸುಮ್ಮನಿರಬಹುದು. ಏನು ಮಾಡಿದಿರಿ ಎಂದು ಯಾರೂ ಕೇಳಬಾರದು. ಎರಡು: ಓಟದ ದಿನ ಹೆದ್ದಾರಿಯ ತಿಂಡಿಯನ್ನು ಬಿಟ್ಟು ನೇರ ಮನೆಗೆ ಹೊರಡೋಣ, ಅಲ್ಲಿ ಉಳಿದವರೊಡನೆ ಕೂತು ತಿನ್ನೋಣ. ಒಂದೂಕಾಲು ಗಂಟೆ ಉಳಿಯುತ್ತದೆ. ಮಧ್ಯಾಹ್ನದ ನಿದ್ದೆ ಮಕ್ಕಳ ನಿದ್ದೆಯ ಜೊತೆಗೇ ಇರಲಿ, ಅದಕ್ಕಿಂತ ಉದ್ದ ಬೇಡ.

ಅರಣ್ಯ ಇಲಾಖೆಯ ಚಾರಣದ ಚೀಟಿಯನ್ನು ನಾವು ಆನ್‌ಲೈನಿನಲ್ಲಿ ಮುಂಚಿತವಾಗಿ ಕಾದಿರಿಸುತ್ತೇವೆ. ಓಟದ ನೋಂದಣಿಯನ್ನು ತಿಂಗಳುಗಟ್ಟಲೆ ಮೊದಲೇ ಮಾಡುತ್ತೇವೆ. ಮನೆಯವರ ಒಪ್ಪಿಗೆಯನ್ನು ಮಾತ್ರ ಶನಿವಾರ ರಾತ್ರಿ ಕೇಳುತ್ತೇವೆ, ಅದೂ ಬ್ಯಾಗು ತುಂಬಿದ ಮೇಲೆ. ಈ ಕ್ರಮವನ್ನು ತಿರುಗಿಸಿ.

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಈಗ ಎರಡು ಬಣ್ಣದ ಶಾಯಿ ಇದೆ. ನೀಲಿ ನನ್ನದು, ಹಸಿರು ಅವಳದು. ಅವಳು ಈ ಸಲ ಕೆ-ಸೆಟ್ ಅರ್ಜಿ ತುಂಬಿದ್ದಾಳೆ. ನಾನು ಈ ವರ್ಷ ಒಂದೇ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಎರಡೂ ತಾರೀಖುಗಳ ನಡುವೆ ಆರು ವಾರ ಬಿಟ್ಟಿದ್ದೇವೆ.

ಮುಂದಿನ ತಿಂಗಳ ಹಾಳೆ ತಿರುವುವ ದಿನ ನೀವೂ ನಿಮ್ಮ ಹೆಂಡತಿಯೂ ಕ್ಯಾಲೆಂಡರಿನ ಮುಂದೆ ನಿಲ್ಲಿ. ಮೊದಲು ಅವರ ಭಾನುವಾರಗಳಿಗೆ ಗುರುತು ಹಾಕಿ. ಆಮೇಲೆ ಮಕ್ಕಳದ್ದಕ್ಕೆ. ಉಳಿದದ್ದರಲ್ಲಿ ಬೆಟ್ಟಕ್ಕೆ ಹೋಗಿ, ಮನಸ್ಸು ಬಿಚ್ಚಿ ಓಡಿ, ಹೇಳಿದ ಹೊತ್ತಿಗೆ ಮನೆ ಸೇರಿ.

ಇಂತಿ,
ನಿಮ್ಮ ಜೊತೆಗೆ ಓಡುವ ಒಬ್ಬ ಅಪ್ಪ